ಪುಸ್ತಕದ ರೈಲಿಗೆ ಹೊಗೆ ಉಂಟು, ಮದ್ದೂರು ರೈಲಿಗಿಲ್ಲ!

ಮದ್ದೂರು: ಸಂಜೆ ಐದೂವರೆ. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಒಬ್ಬ ತಾತ, ಪಕ್ಕದಲ್ಲಿ ನಾಲ್ಕು ವರ್ಷದ ಮೊಮ್ಮಗಳು. ಇಬ್ಬರ ತೊಡೆಯ ಮೇಲೂ ಅರ್ಧರ್ಧ ಹರಡಿಕೊಂಡಿರುವ ಒಂದು ಚಿತ್ರದ ಪುಸ್ತಕ. ಹತ್ತು ಹನ್ನೆರಡು ಹಾಳೆ, ಮೂಲೆಗಳು ಮಡಚಿಹೋಗಿವೆ, ಬೆನ್ನಿಗೆ ಟೇಪು. ತಾತನಿಗೆ ಸಹಿ ಹಾಕುವಷ್ಟು ಅಕ್ಷರ ಬಿಟ್ಟರೆ ಬೇರೆ ಓದು ಬರುವುದಿಲ್ಲ. ಮೊಮ್ಮಗಳಿಗೆ ಅದೂ ಬರುವುದಿಲ್ಲ. ಆದರೂ ಪುಸ್ತಕ ಮಾತ್ರ ಸಲೀಸಾಗಿ ಮುಂದೆ ಹೋಗ್ತಾ ಇತ್ತು.

ಪುಟದಲ್ಲಿ ಕರಿ ಎಂಜಿನ್ನು. ತಲೆಯ ಮೇಲೆ ಹತ್ತಿ ಉಂಡೆಯಂಥ ಹೊಗೆ. ಹಿಂದೆ ಕೆಂಪು, ಹಳದಿ, ನೀಲಿ ಡಬ್ಬಿಗಳು. ಅಷ್ಟರಲ್ಲಿ ಬೆಂಗಳೂರು ಕಡೆಯಿಂದ ನಿಜವಾದ ರೈಲೇ ಬಂದು ನಿಂತಿತು. ಮಗು ಒಂದ್ಸಲ ಪುಸ್ತಕ ನೋಡಿತು, ಒಂದ್ಸಲ ರೈಲು ನೋಡಿತು.

"ತಾತ, ಹೊಗೆ ಎಲ್ಲಿ?"

"ಹೊಗೆ ಇಲ್ಲ ಕಣವ್ವ. ಇದು ಕರೆಂಟಿನ ರೈಲು."

"ಮತ್ತೆ ಇದ್ರಲ್ಲಿ ಐತೆ?"

"ಅದು ನಮ್ಮ ಕಾಲದ್ದು."

"ನಿಮ್ಮ ಕಾಲ ಎಲ್ಲೋಯ್ತು?"

ತಾತ ನಕ್ಕು ಸುಮ್ಮನಾಗಲಿಲ್ಲ. ಬೆರಳನ್ನು ಹೊಗೆಯ ಮೇಲಿಟ್ಟು ಶುರು ಮಾಡಿದರು. ಎಂಜಿನ್ನಿನ ಹೊಟ್ಟೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಎರಚುತ್ತಿದ್ದುದು, ಕಿಟಕಿಗೆ ಮುಖ ಇಟ್ಟರೆ ಕಣ್ಣಿಗೆ ಕಿಡಿ ಬೀಳುತ್ತಿದ್ದುದು, ಬೆಳ್ಳಗೆ ಒಗೆದ ಪಂಚೆ ಉಟ್ಟು ಹತ್ತಿದವನು ಬೆಂಗಳೂರಲ್ಲಿ ಇಳಿಯುವ ಹೊತ್ತಿಗೆ ಮಸಿ ಬಳಿದುಕೊಂಡವನ ಹಾಗೆ ಆಗುತ್ತಿದ್ದುದು. ಮಗು ಬಾಯಿ ಬಿಟ್ಟುಕೊಂಡು ಕೇಳುತ್ತಿತ್ತು. ಇದ್ಯಾವುದೂ ಆ ಪುಸ್ತಕದಲ್ಲಿ ಅಚ್ಚಾಗಿಲ್ಲ.

ರೈಲು ಹೊರಟಿತು. ಪುಸ್ತಕದ ಪುಟ ತಿರುಗಿತು.

ಕರೆಂಟಿನ ಎಂಜಿನ್ನಿಗೆ ಮುಖವೇ ಇಲ್ಲ

ಮದ್ದೂರಿಗೂ ರೈಲಿಗೂ ನಂಟು ಇವತ್ತಿನದಲ್ಲ. ಬೆಂಗಳೂರು–ಮೈಸೂರು ರೈಲುಮಾರ್ಗದ ಕೆಲಸ ಶುರುವಾದದ್ದು 1876–78ರ ಮಹಾಕ್ಷಾಮದ ಕಾಲದಲ್ಲಿ. 1882ರ ಹೊತ್ತಿಗೆ ಮೈಸೂರಿನ ತನಕ ರೈಲು ಓಡಿತು. ಹಳಿಯಿಂದ ಹಳಿಗೆ ಒಂದೇ ಮೀಟರ್ ಅಗಲ. ಈ ಊರಿನ ಹೆಸರನ್ನು ನಾಲ್ಕೂರಿಗೆ ಮುಟ್ಟಿಸಿದ ಮದ್ದೂರು ವಡೆಯೂ ರೈಲಿನ ಕೂಸೇ. 1917ರಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ಇದೇ ಸ್ಟೇಷನ್ನಿನಲ್ಲಿ ಮಾರಲು ಶುರು ಮಾಡಿದರು ಅನ್ನೋದು ಊರಿಗೇ ಗೊತ್ತಿರುವ ಕಥೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ 1676 ಮಿಲಿಮೀಟರಿನ ಬ್ರಾಡ್ ಗೇಜ್ ಬಂತು. ಆಮೇಲೆ ಒಂದು ಹಳಿಯ ಪಕ್ಕ ಇನ್ನೊಂದು ಹಳಿ ಬಿತ್ತು, ತಲೆಯ ಮೇಲೆ ಕರೆಂಟಿನ ತಂತಿ ಎಳೆದರು. 2022ರ ನವೆಂಬರಿನಲ್ಲಿ ಮೈಸೂರು–ಚೆನ್ನೈ ವಂದೇ ಭಾರತ್ ಬಂತು. ಅದು ಮದ್ದೂರಿನಲ್ಲಿ ನಿಲ್ಲೋದಿಲ್ಲ, ಸುಯ್ಯಂತ ಹೋಗ್ತದೆ.

ಇಷ್ಟೆಲ್ಲ ಬದಲಾದರೂ ಮಕ್ಕಳ ಪುಸ್ತಕದಲ್ಲಿ, ಗೋಡೆಗೆ ನೇತುಹಾಕುವ ವಾಹನಗಳ ಚಾರ್ಟಿನಲ್ಲಿ ಇನ್ನೂ ಹೊಗೆ ಉಗುಳುವ ಎಂಜಿನ್ನೇ ಯಜಮಾನ. ಚಿತ್ರ ಬರೆದವರ ತಪ್ಪು ಅಂತ ಹೇಳೋ ಹಾಗಿಲ್ಲ. ಉಗಿ ಎಂಜಿನ್ನಿಗೆ ಒಂದು ಮುಖ ಇತ್ತು, ಮೂಗಿನ ಥರ ಚಿಮಣಿ ಇತ್ತು, ಚಕ್ರಕ್ಕೆ ಕೈ ಇದ್ದ ಹಾಗೆ ಕಬ್ಬಿಣದ ಸಲಾಕೆ ಹಿಂದೆ ಮುಂದೆ ಆಡುತ್ತಿತ್ತು. ಕರೆಂಟಿನ ಎಂಜಿನ್ನು ನೋಡಿದರೆ ತಗಡಿನ ಬೀರುವನ್ನು ಅಡ್ಡ ಮಲಗಿಸಿದ ಹಾಗೆ. ಅದಕ್ಕೆ ಚುಕುಬುಕು ಅನ್ನೋಕೂ ಬರೋದಿಲ್ಲ.

ಎಂಜಿನ್ನಿಗೆ ಮುಖ ಬರೆದು ಪ್ರಪಂಚವನ್ನೇ ಗೆದ್ದವರು ಇಂಗ್ಲೆಂಡಿನ ಪಾದ್ರಿ ಆಡ್ರಿ. 1943ರಲ್ಲಿ ಇವರ ಮಗ ಕ್ರಿಸ್ಟೋಫರ್ ದಡಾರ ಎದ್ದು ಮಲಗಿದ್ದ. ಮಗನನ್ನು ಸಮಾಧಾನ ಮಾಡಲು ಅಪ್ಪ ಎಂಜಿನ್ನುಗಳ ಕಥೆ ಕಟ್ಟಿದರು. ಅದೇ ಕಥೆಯನ್ನು ಮತ್ತೆ ಹೇಳುವಾಗ ಒಂದು ಮಾತು ಹೆಚ್ಚುಕಮ್ಮಿ ಆದರೂ ಹುಡುಗ ಹಿಡಿದುಹಾಕುತ್ತಿದ್ದ. ಈ ಕಾಟಕ್ಕೆ ಅಪ್ಪ ಕಥೆಗಳನ್ನು ಬರೆದಿಡಬೇಕಾಯಿತು. 1945ರಲ್ಲಿ ಅದು ಪುಸ್ತಕವಾಯಿತು. ಮದ್ದೂರಿನ ಮಕ್ಕಳು ಫೋನಿನಲ್ಲಿ ನೋಡುವ ಥಾಮಸ್ ಎಂಬ ನೀಲಿ ಎಂಜಿನ್ನು ಆ ಮನೆಯದೇ.

ಒಂದೇ ಪುಸ್ತಕವನ್ನು ನೂರು ಸಲ ಹೇಳು ಅಂತ ಪೀಡಿಸುವ ಮಗು ಎಲ್ಲ ಮನೆಯಲ್ಲೂ ಉಂಟು. ರೈಲಿನ ಪುಸ್ತಕವಾದರಂತೂ ಕೇಳೋದೇ ಬೇಡ. ಡಬ್ಬಿ ಆದ ಮೇಲೆ ಡಬ್ಬಿ, ಡಬ್ಬಿ ಆದ ಮೇಲೆ ಡಬ್ಬಿ. ಮುಂದೆ ಏನು ಬರ್ತದೆ ಅಂತ ಮೊದಲೇ ಗೊತ್ತಿರೋದೇ ಮಕ್ಕಳಿಗೆ ಗಮ್ಮತ್ತು. ಅಮೆರಿಕದ ಡೊನಾಲ್ಡ್ ಕ್ರ್ಯೂಸ್ ಅನ್ನುವವರು 1978ರಲ್ಲಿ ಗೂಡ್ಸ್ ರೈಲಿನ ಮೇಲೆ ಒಂದು ಪುಸ್ತಕ ಮಾಡಿದರು. ಅದರಲ್ಲಿ ಮಾತು ಬಹಳ ಕಡಿಮೆ. ಒಂದೊಂದು ಡಬ್ಬಿಗೆ ಒಂದೊಂದು ಬಣ್ಣ, ಕೊನೆಗೆ ಕರಿ ಎಂಜಿನ್ನು, ರೈಲು ಸುರಂಗ ದಾಟಿ ಸೇತುವೆ ದಾಟಿ ಹೋಯಿತು, ಮುಗೀತು. ಇಷ್ಟಕ್ಕೇ ಅಲ್ಲಿ ದೊಡ್ಡ ಗೌರವ ಸಿಕ್ಕಿತು. ಮಾತು ಕಡಿಮೆ ಇದ್ದಷ್ಟೂ ಪಕ್ಕದಲ್ಲಿ ಕೂತ ದೊಡ್ಡವರಿಗೆ ಕೆಲಸ ಜಾಸ್ತಿ. ಅದೇ ಆ ಪುಸ್ತಕದ ಗುಟ್ಟು.

ಅಂಗಡಿ ಗಲ್ಲಾದ ಹಿಂದೆ

ಪೇಟೆ ಬೀದಿಯ ಒಂದು ಕಿರಾಣಿ ಅಂಗಡಿ. ಗಲ್ಲಾದ ಹಿಂದೆ ಅಕ್ಕಿ ಮೂಟೆಗೆ ಒರಗಿ ಮೂರು ವರ್ಷದ ಹುಡುಗ, ಕೈಯಲ್ಲಿ ಫೋನು. ಯಜಮಾನರನ್ನು ಕೇಳಿದರೆ, "ಏನ್ ಮಾಡಾದು ಸ್ವಾಮಿ, ಅದು ಕೊಡದಿದ್ರೆ ಬೇಳೆ ಮೂಟೆಗೆ ಕೈ ಹಾಕ್ತಾನೆ" ಅಂತಾರೆ. ಪುಸ್ತಕ ಕೊಡಬಹುದಲ್ಲ ಅಂದರೆ, "ಅವನಿಗಿನ್ನೂ ಓದಕ್ಕೆ ಬರಲ್ಲವಲ್ಲ" ಅನ್ನೋದು ಜವಾಬು.

ಇದು ಅವರೊಬ್ಬರ ಜವಾಬಲ್ಲ. ಪುಸ್ತಕ ಅಂದರೆ ಓದಲಿಕ್ಕೆ, ಓದು ಅಂದರೆ ಶಾಲೆಗೆ, ಶಾಲೆ ಅಂದರೆ ಆರು ವರ್ಷ ತುಂಬಿದ ಮೇಲೆ. ಈ ಲೆಕ್ಕದಲ್ಲಿ ಮೂರು ವರ್ಷದವನಿಗೆ ಪುಸ್ತಕ ದಂಡ. ಆದರೆ ಚಿತ್ರದ ಪುಸ್ತಕ ಓದುವ ಪುಸ್ತಕವೇ ಅಲ್ಲ, ಇಬ್ಬರು ಸೇರಿ ಹರಟೆ ಹೊಡೆಯುವ ಪುಸ್ತಕ. ಸ್ಟೇಷನ್ನಿನ ತಾತನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಇದಕ್ಕೆ ಪಂಡಿತರ ಸಾಕ್ಷಿಯೂ ಉಂಟು. 1988ರಲ್ಲಿ ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಎಂಬ ಮನಃಶಾಸ್ತ್ರಜ್ಞರೂ ಜೊತೆಯವರೂ ಒಂದು ಪರೀಕ್ಷೆ ಮಾಡಿದರು. ಎರಡು ಎರಡೂವರೆ ವರ್ಷದ ಮಕ್ಕಳು. ಎರಡು ಗುಂಪಿನ ಮನೆಗಳಲ್ಲೂ ಚಿತ್ರದ ಪುಸ್ತಕ ತೋರಿಸುವ ರೂಢಿ ಇತ್ತು. ಒಂದು ಗುಂಪಿನ ತಾಯ್ತಂದೆಯರಿಗೆ ಮಾತ್ರ ಹೀಗೆ ಹೇಳಿಕೊಟ್ಟರು: ನೀವು ಓದಿ ಮುಗಿಸಬೇಡಿ, ಕೇಳಿ. ಇದೇನು, ಇದು ಎಲ್ಲಿಗೆ ಹೋಗ್ತಾ ಇದೆ, ಇವನ್ಯಾಕೆ ಅಳ್ತಾ ಇದ್ದಾನೆ ಅಂತ ಕೇಳಿ, ಮಗು ಒಂದು ಮಾತು ಹೇಳಿದರೆ ನೀವು ಅದಕ್ಕೆ ಎರಡು ಸೇರಿಸಿ. ಒಂದೇ ತಿಂಗಳು. ಮಾತಿನ ಪರೀಕ್ಷೆ ಇಟ್ಟಾಗ ಆ ಗುಂಪಿನ ಮಕ್ಕಳು ಇನ್ನೊಂದು ಗುಂಪನ್ನು ಹಿಂದೆ ಹಾಕಿದ್ದರು. ಪುಸ್ತಕ ಎರಡೂ ಕಡೆ ಇತ್ತು, ವ್ಯತ್ಯಾಸ ಆದದ್ದು ದೊಡ್ಡವರ ಬಾಯಿಂದ.

ಫೋನಿನ ರೈಲೂ ಓಡ್ತದೆ, ಹಾಡ್ತದೆ, ನಗ್ತದೆ. ಹೊಗೆ ಎಲ್ಲಿ ಅಂತ ಕೇಳಿದರೆ ಮಾತ್ರ ಅದು ನಿಲ್ಲೋದಿಲ್ಲ, ವಂದೇ ಭಾರತಿನ ಹಾಗೆ.

2023ರ ಮಾರ್ಚಿನಲ್ಲಿ ದಶಪಥ ಹೆದ್ದಾರಿಯ ಉದ್ಘಾಟನೆ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಆಯಿತು. ಬೆಂಗಳೂರು–ಮೈಸೂರು ವಾಹನಗಳು ಊರ ಹೊರಗಿಂದಲೇ ಹೋಗೋಕೆ ಶುರುವಾದ ಮೇಲೆ ಮಧ್ಯಾಹ್ನದ ವ್ಯಾಪಾರ ತಣ್ಣಗಾಗಿದೆ ಅಂತ ಅಂಗಡಿಯವರ ಗೋಳು. ಆ ಗೋಳು ನಿಜ. ಮೂರು ಗಂಟೆಯ ಆ ಖಾಲಿ ಹೊತ್ತಿನಲ್ಲಿ ಹತ್ತು ನಿಮಿಷ ಗಲ್ಲಾದ ಹಿಂದಿನ ಹುಡುಗನಿಗೆ ಸಿಕ್ಕರೆ ಯಾವ ಗಿರಾಕಿಯೂ ವಾಪಸ್ ಹೋಗೋದಿಲ್ಲ.

ಮಳವಳ್ಳಿಯ ಕಾಗದದ ರೈಲು

ಮದ್ದೂರಿನ ಮಗುವಿಗೆ ರೈಲಿನ ಕೂಗಿಗೇ ಬೆಳಗಾಗ್ತದೆ. ಅದೇ ಮಳವಳ್ಳಿ ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿಯಲ್ಲಿ ರೈಲಿನ ಹಳಿಯೇ ಇಲ್ಲದ ತಾಲ್ಲೂಕು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿತ್ತು. ಮಂಜೂರಾದ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ, ರೈಲು ಮಾತ್ರ ಬರಲಿಲ್ಲ. ರೈಲಿನ ವಿಷಯದಲ್ಲಿ ಮಳವಳ್ಳಿಯ ದೊಡ್ಡವರಿಗೂ ಸಿಕ್ಕಿರೋದು ಚಿತ್ರದ ಪುಸ್ತಕವೇ.

ಮದ್ದೂರಿಗೆ ದಿನಾ ಬಸ್ಸಿನಲ್ಲಿ ಬಂದುಹೋಗುವ ಆ ಕಡೆಯ ಒಬ್ಬ ತಾಯಿ ಹೇಳಿದ್ದು ಸ್ವಾರಸ್ಯವಾಗಿದೆ. ಅವರ ಮಗ ಪುಸ್ತಕದಲ್ಲಿ ರೈಲು ನೋಡಿದ್ದ, ಕಣ್ಣಾರೆ ನೋಡಿರಲಿಲ್ಲ. ಆಲೆಮನೆ ಕಡೆಗೆ ಎರಡು ಟ್ರೇಲರ್ ಕಟ್ಟಿಕೊಂಡು ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋದರೆ, "ಅವ್ವಾ ರೈಲು!" ಅಂತ ಕೂಗುತ್ತಿದ್ದನಂತೆ. ಅವರು ಬೈದು ತಿದ್ದಲಿಲ್ಲ. "ಎಷ್ಟು ಡಬ್ಬಿ ಅದೆ ಎಣಿಸು" ಅಂದರು. ಎರಡು ಅಂದ. ಪುಸ್ತಕ ತೆಗೆದು ಎಣಿಸಿದರೆ ಆರು. ಹಾಗಾದ್ರೆ ಇದು ರೈಲಲ್ಲ ಅಂತ ಅವನೇ ತೀರ್ಮಾನ ಮಾಡಿದ. ಒಂದು ಭಾನುವಾರ ಮದ್ದೂರಿಗೆ ಕರೆತಂದು ನಿಜವಾದ ರೈಲು ತೋರಿಸಿದಾಗ ಹುಡುಗ ಎಣಿಸಿ ಎಣಿಸಿ ಸೋತುಹೋದನಂತೆ. ಅವನಿಗೆ ಬರುತ್ತಿದ್ದ ಲೆಕ್ಕ ಹತ್ತರವರೆಗೆ, ರೈಲು ಅದಕ್ಕಿಂತ ಉದ್ದ ಇತ್ತು.

ಬೀರುವಿನಲ್ಲಿ ಬಂದಿ

ಪುಸ್ತಕ ಸಿಗೋದಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರು ಕನ್ನಡದಲ್ಲಿ ಕಡಿಮೆ ಬೆಲೆಗೆ ಚಿತ್ರದ ಪುಸ್ತಕ ಅಚ್ಚು ಹಾಕುತ್ತಾರೆ. 2015ರಿಂದ ಇವರ ಸ್ಟೋರಿವೀವರ್‌ನಲ್ಲಿ ಪುಕ್ಕಟೆಯಾಗಿಯೂ ನೋಡಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನವರ ಪುಸ್ತಕಗಳೂ ಉಂಟು. ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವ 'ಓದುವ ಬೆಳಕು' ಕಾರ್ಯಕ್ರಮ 2020ರ ನವೆಂಬರಿನಲ್ಲಿ ಶುರುವಾಯಿತು. ಆದರೆ ಅದು ಆರು ವರ್ಷ ಮೇಲ್ಪಟ್ಟವರಿಗೆ. ಅದಕ್ಕಿಂತ ಚಿಕ್ಕವರ ಪಾಲಿಗೆ ಉಳಿಯೋದು ಅಂಗನವಾಡಿ.

ಅಂಗನವಾಡಿ ಯೋಜನೆ 1975ರಲ್ಲಿ ದೇಶದಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮಳವಳ್ಳಿಯ ಪಕ್ಕದ ಟಿ. ನರಸೀಪುರವನ್ನೇ. ಇಷ್ಟು ವರ್ಷದಲ್ಲಿ ಆಟದ ಸಾಮಾನು ಬಂದಿವೆ, ಚಾರ್ಟು ಬಂದಿವೆ, ಪುಸ್ತಕಗಳೂ ಬಂದಿವೆ. ಬಂದವು ಎಲ್ಲಿವೆ ಅಂದರೆ ಕೆಲವು ಕಡೆ ಬೀರುವಿನಲ್ಲಿವೆ. ಬೀಗದ ಕೈ ಟೀಚರಮ್ಮನ ಸೊಂಟದಲ್ಲಿ.

ಟೀಚರಮ್ಮನನ್ನು ಬೈದುಬಿಡೋದು ಸುಲಭ. ಅವರ ಕಡೆಯ ಮಾತೂ ಕೇಳಬೇಕು. "ಸ್ಟಾಕ್ ರಿಜಿಸ್ಟರಲ್ಲಿ ಹದಿನೈದು ಅಂತ ಬರೆದಿದ್ರೆ ಬಂದವರಿಗೆ ಹದಿನೈದೂ ತೋರಿಸಬೇಕು. ಒಂದು ಹರಿದ್ರೆ ಯಾಕೆ ಹರೀತು ಅಂತ ಕೇಳ್ತಾರೆ. ಯಾಕೆ ಹರೀಲಿಲ್ಲ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ" ಅಂದರು ಒಬ್ಬರು. ಅಡುಗೆ, ತೂಕ, ಲಸಿಕೆ, ಸರ್ವೆ, ಫೋನಿನಲ್ಲಿ ತುಂಬಿಸಬೇಕಾದ ಲೆಕ್ಕ, ಇಷ್ಟೂ ಮುಗಿಸಿ ಅವರು ಪುಸ್ತಕ ತೆಗೆಯಬೇಕು.

ಆದರೂ ತೆಗೆದವರಿದ್ದಾರೆ. ಸ್ಟೇಷನ್ನಿನಲ್ಲಿ ಕಂಡ ಆ ಪುಸ್ತಕ ಅಂಗನವಾಡಿಯದೇ. ಅಲ್ಲಿಯ ಟೀಚರಮ್ಮ ಶನಿವಾರ ಮಗುವಿಗೊಂದು ಪುಸ್ತಕ ಕೊಟ್ಟು ಕಳಿಸ್ತಾರೆ, ಸೋಮವಾರ ವಾಪಸ್. ಹರಿದು ಬಂದರೆ ಮಕ್ಕಳ ಎದುರಿಗೇ ಮೈದಾ ಅಂಟು ಕಲಸಿ ಅಂಟಿಸುತ್ತಾರೆ. ಮೈದಾಗೆ ಈ ಊರಲ್ಲಿ ಬರವೇ!

ಎರಡನೇ ಹಳಿ

ಇಲ್ಲಿಯವರೆಗೆ ಬರೀ ಮಾತಿನ ಲಾಭ ಆಯಿತು. ಇನ್ನೊಂದು ಸಂಗತಿ ಉಂಟು, ಅದು ಪ್ರಾಣದ್ದು.

ಮಕ್ಕಳ ಪುಸ್ತಕದಲ್ಲಿ ಸಾಮಾನ್ಯವಾಗಿ ಹಳಿ ಒಂದೇ. ರೈಲು ಒಂದೇ. ಅದೂ ನಗುಮುಖದ ರೈಲು, ಮಕ್ಕಳನ್ನು ಕಂಡರೆ ಕೈ ಬೀಸುವ ರೈಲು. ದೊಡ್ಡವರ ತಲೆಯಲ್ಲೂ ಹಳಿ ಒಂದೇ. ಒಂಟಿ ಹಳಿಯ ಕಾಲದಲ್ಲಿ ಬೆಳೆದವರ ಬಾಯಲ್ಲಿ ಈಗಲೂ ಅದೇ ಮಾತು: "ರೈಲು ಓಯ್ತಲ್ಲ, ಬನ್ರಪ್ಪ ದಾಟವಾ." ಆಗ ಅದು ಸರಿ. ಒಂದು ಹೋದ ಮೇಲೆ ಇನ್ನೊಂದು ಬರೋಕೆ ಹೊತ್ತು ಹಿಡೀತಿತ್ತು. ಬರೋದೂ ಹೊಗೆ ಕಾಣಿಸಿಕೊಂಡು, ಅರ್ಧ ಮೈಲಿಯಿಂದ ಸದ್ದು ಕೇಳಿಸಿಕೊಂಡು ಬರ್ತಿತ್ತು. ಈಗ ಎರಡು ಹಳಿ. ಮೈಸೂರಿಗೆ ಹೋಗುವ ರೈಲಿನ ಬಾಲ ಕಣ್ಣೆದುರಿಗೆ ಇರುವಾಗಲೇ ಅದರ ಮರೆಯಿಂದ ಬೆಂಗಳೂರಿಗೆ ಹೋಗುವುದು ನುಗ್ಗಿ ಬರಬಹುದು. ಹೋಗುತ್ತಿರುವ ರೈಲಿನ ಸದ್ದಿನಲ್ಲಿ ಬರುತ್ತಿರುವುದರ ಸದ್ದು ಮುಳುಗಿಹೋಗ್ತದೆ. ಗಂಟೆಗೆ 100 ಕಿಲೋಮೀಟರ್ ಓಡುವ ರೈಲು ಒಂದು ಸೆಕೆಂಡಿಗೆ 28 ಮೀಟರ್ ಹತ್ತಿರ ಬರ್ತದೆ. ಡ್ರೈವರು ಬ್ರೇಕು ಹಾಕಿದರೂ ಬಸ್ಸಿನ ಹಾಗೆ ಅಲ್ಲೇ ನಿಲ್ಲುವ ವಸ್ತು ಅಲ್ಲ.

ಹಳಿ ಮೇಲೆ ಅತಿಕ್ರಮ ಪ್ರವೇಶ ಮಾಡಿದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಇದನ್ನು ನಾಲ್ಕು ವರ್ಷದ ಮಗುವಿಗೆ ಹೇಳಿದರೆ ಏನು ತಿಳಿದೀತು? ಹೆದರಿಸಿದರೂ ನಿಲ್ಲೋದಿಲ್ಲ. ಹಳಿಯ ಮೇಲೆ ಕಾಸು ಇಟ್ಟು ಚಪ್ಪಟೆ ಮಾಡಿಸಿದವರು ಅಪ್ಪಂದಿರಲ್ಲೇ ಎಷ್ಟೋ ಮಂದಿ.

ಮಗು ಹೇಗೂ ರೈಲಿನ ಪುಸ್ತಕ ಹಿಡಿದು ಕೂತಿರ್ತದೆ. ಹೇಳಬೇಕಾದದ್ದನ್ನು ಅಲ್ಲೇ ಹೇಳೋದು ಸುಲಭ. ಹಳಿಯ ಹತ್ತಿರ ಮನೆ ಇರುವ ಒಬ್ಬ ತಾಯಿ ಮಾಡಿದ್ದು ಹೀಗೆ. ಪುಸ್ತಕವನ್ನು ನೆಲದ ಮೇಲಿಟ್ಟರು. ಪಕ್ಕದಲ್ಲಿ ಸೀಮೆಸುಣ್ಣದಿಂದ ಎರಡು ಜೊತೆ ಗೆರೆ ಎಳೆದರು. ಒಂದರ ಮೇಲೆ ಚನ್ನಪಟ್ಟಣದ ಮರದ ರೈಲು, ಇನ್ನೊಂದರ ಮೇಲೆ ಬೆಂಕಿಪೊಟ್ಟಣದ ರೈಲು. ಮರದ ರೈಲು ಈ ಕಡೆಗೆ ಹೋಯಿತು. "ಈಗ ದಾಟಬೋದಾ ಮಗ?" "ದಾಟಬೋದು." ತಕ್ಷಣ ಆ ಕಡೆಯಿಂದ ಬೆಂಕಿಪೊಟ್ಟಣ ಬಂದು ಹುಡುಗನ ಬೆರಳಿಗೆ ಗುದ್ದಿತು. ಹುಡುಗ ಕಿಲಕಿಲ ನಕ್ಕ. ಮತ್ತೆ ಆಡಿದರು, ಮತ್ತೆ ಗುದ್ದಿತು. ನಾಲ್ಕನೇ ಸಲಕ್ಕೆ ಹುಡುಗ ಬೆರಳು ಹಿಂದೆ ಎಳೆದುಕೊಂಡು, "ಇರವ್ವಾ, ಇನ್ನೊಂದು ಬತ್ತದೆ" ಅಂದ. ಈಗ ಮನೆಗೆ ಬಂದವರಿಗೆಲ್ಲ ಅವನೇ ಪಾಠ ಮಾಡ್ತಾನಂತೆ. ಅವನ ಅಜ್ಜಿಯೂ ಅವನ ಮಾತು ಕೇಳಿ ಸೇತುವೆ ಹತ್ತುವ ಹಾಗೆ ಆಗಿದೆ, ಮಂಡಿ ನೋವು ಅಂತ ಗೊಣಗಿಕೊಂಡೇ.

ಹೊಗೆಯ ಪ್ರಶ್ನೆಗೆ ಕಣ್ಣಾರೆ ಉತ್ತರ ಬೇಕು ಅನ್ನುವವರಿಗೆ ಮೈಸೂರು ದೂರವಿಲ್ಲ. ಪುಸ್ತಕ ಚೀಲದಲ್ಲಿಟ್ಟುಕೊಂಡು ರೈಲು ಹತ್ತಬಹುದು. ಹಣಕೆರೆ, ಮಂಡ್ಯ ಕಳೆದು ಶ್ರೀರಂಗಪಟ್ಟಣ ಬಂದಾಗ ಕಿಟಕಿಯಲ್ಲಿ ಹೇಳಲಿಕ್ಕೆ ಒಂದು ಕಥೆ ಉಂಟು. ಎರಡನೇ ಹಳಿಗೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂತು ಅಂತ 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸಾಗಿಸಿಟ್ಟರು. ರೈಲಿಗೆ ದಾರಿ ಬಿಟ್ಟು ಮನೆಯೇ ನಡೆದುಹೋಯಿತು ಅಂದರೆ ಯಾವ ಮಗು ಕಣ್ಣರಳಿಸೋದಿಲ್ಲ? ಮೈಸೂರು ಸ್ಟೇಷನ್ನಿನ ಹತ್ತಿರ, ಕೃಷ್ಣರಾಜಸಾಗರ ರಸ್ತೆಯಲ್ಲಿ 1979ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂನಲ್ಲಿ ಉಗಿ ಎಂಜಿನ್ನುಗಳು ನಿಂತಿವೆ. ಚಕ್ರ ಮುಟ್ಟಬಹುದು, ಸಲಾಕೆ ನೋಡಬಹುದು. ಅದೇ ಮೈಸೂರಿನ ಅಶೋಕಪುರಂನಲ್ಲಿ 2020ರಲ್ಲಿ ರೈಲ್ವೆಯವರು ಗುಜರಿಗೆ ಹೋಗಬೇಕಿದ್ದ ಎರಡು ಬೋಗಿಗಳಿಗೆ ಬಣ್ಣ ಬಳಿದು ಸರ್ಕಾರಿ ಶಾಲೆಯ ಮಕ್ಕಳಿಗೆ ಕ್ಲಾಸುರೂಮು ಮಾಡಿಕೊಟ್ಟರು. ಹಳಿ ಇಲ್ಲದ ಊರುಗಳಲ್ಲೂ ಶಾಲೆಯ ಗೋಡೆಗೆ ರೈಲು ಡಬ್ಬಿಯ ಬಣ್ಣ ಹೊಡೆಸುವುದು ಈಗ ರಾಜ್ಯದಲ್ಲಿ ಮಾಮೂಲು. ಮಕ್ಕಳು ಬಾಗಿಲಲ್ಲಿ ನಿಂತು ಟಾಟಾ ಮಾಡ್ತಾರೆ.

ಸ್ಟೇಷನ್ನಿನ ಆ ಪುಸ್ತಕ ಸೋಮವಾರ ಬೆಳಿಗ್ಗೆ ಅಂಗನವಾಡಿಗೆ ವಾಪಸ್ ಹೋಯಿತು. ತಾತನ ಮುಖ ಸಪ್ಪಗಿತ್ತು. ಭಾನುವಾರ ರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ಮೊಮ್ಮಗಳು ಪೆನ್ಸಿಲ್ ತೆಗೆದುಕೊಂಡು ಪುಸ್ತಕದ ರೈಲನ್ನು ರಿಪೇರಿ ಮಾಡಿದ್ದಳು. ಎಂಜಿನ್ನಿನ ತಲೆಯ ಮೇಲೆ, ಹೊಗೆಯನ್ನು ಸೀಳಿಕೊಂಡು, ಈ ಅಂಚಿನಿಂದ ಆ ಅಂಚಿನವರೆಗೆ ಒಂದು ತಂತಿ ಎಳೆದಿದ್ದಳು. ಕೆಳಗೆ ಸೊಟ್ಟಗೆ ಇನ್ನೊಂದು ಹಳಿ.

"ತಪ್ಪಾಯ್ತು ಕಣ್ರವ್ವ, ಗೊತ್ತಾಗ್ನಿಲ್ಲ ಮಗೀಗೆ" ಅಂದರು ತಾತ. "ದುಡ್ಡು ಏನಾದ್ರೂ ಕಟ್ಟಬೇಕಾ?"

ಟೀಚರಮ್ಮ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. ಪುಟ ತಿರುಗಿಸಿದರು, ಮತ್ತೆ ವಾಪಸ್ ಬಂದರು. ಆಮೇಲೆ ರಿಜಿಸ್ಟರು ತೆಗೆದು ಆ ಪುಸ್ತಕದ ಎದುರಿಗೆ ಬರೆದರು: ಉಪಯೋಗದಲ್ಲಿದೆ.